ನೀಲಿ ಟಿಕ್ ಹಾಕಿ ಎಂದವರು ಯಾರು?

ಪ್ರಶ್ನೆ: ನಾವು ಶಿವಮೊಗ್ಗದ ಆರು ಜನರ ಸಣ್ಣ ತಂಡ. ಒಂದು ಸ್ವಯಂಸೇವಾ ಸಂಸ್ಥೆಗಾಗಿ ಆಶಾ ಕಾರ್ಯಕರ್ತೆಯರು ಮತ್ತು ಮೇಲ್ವಿಚಾರಕರು ಬಳಸುವ ಸಂದೇಶ ಆ್ಯಪ್ ತಯಾರಿಸುತ್ತಿದ್ದೇವೆ. ಒಳಗಿರುವುದು ಎಕ್ಸ್‌ಎಂಪಿಪಿ ಪ್ರೋಟೋಕಾಲ್, ಅಂದರೆ ಬೇರೆ ಬೇರೆ ಚಾಟ್ ಆ್ಯಪ್‌ಗಳು ಪರಸ್ಪರ ಮಾತನಾಡಲು ಬಳಸುವ ತೆರೆದ ಮಾನದಂಡ. ಇಂಟರ್ನೆಟ್ ಸಿಗದ ಕಡೆ ಅದೇ ಸಂದೇಶ ಎಸ್‌ಎಂಎಸ್ ಆಗಿ ಹೋಗುತ್ತದೆ. ಸಂದೇಶ ತೆರೆದ ಕೂಡಲೇ ಕಳುಹಿಸಿದವರಿಗೆ ಎರಡು ನೀಲಿ ಟಿಕ್ ಕಾಣುತ್ತದೆ, ಪಕ್ಕದಲ್ಲಿ ‘ಓದಲಾಗಿದೆ’ ಎಂದು ಬರುತ್ತದೆ. ಪ್ರಯೋಗಕ್ಕೆ ಬಿಟ್ಟಾಗ ಕಾರ್ಯಕರ್ತೆಯರಿಂದ ಬಂದದ್ದು ಒಂದೇ ದೂರು: ‘ಬಸ್ಸಿನಲ್ಲಿ ನಿಂತುಕೊಂಡು ತೆರೆದಿರುತ್ತೇವೆ. ಐದು ನಿಮಿಷಕ್ಕೆ ಫೋನ್ ಬರುತ್ತದೆ, ಓದಿದ್ದೀರಿ, ಉತ್ತರ ಯಾಕಿಲ್ಲ ಎಂದು.’ ಟಿಕ್ ತೆಗೆಯೋಣ ಎಂದರೆ ನಮ್ಮ ತಾಂತ್ರಿಕ ಸಲಹೆಗಾರರು ಒಪ್ಪುತ್ತಿಲ್ಲ. ‘ಅದು ಮಾನದಂಡದಲ್ಲಿದೆ, ತೆಗೆದರೆ ಆ್ಯಪ್ ಮಾನದಂಡಕ್ಕೆ ಬದ್ಧವಲ್ಲ ಎಂದಾಗುತ್ತದೆ’ ಎನ್ನುತ್ತಾರೆ. ವಿನ್ಯಾಸ ನೋಡಿಕೊಳ್ಳುವ ಸಹೋದ್ಯೋಗಿಯದು ಇನ್ನೊಂದು ತುದಿ: ‘ಮಾನದಂಡದ ಅಧಿಕಾರ ತಂತಿಯ ಮೇಲೆ, ಅಂದರೆ ಸಂದೇಶ ಸಾಗುವ ದಾರಿಯಲ್ಲೇ, ಮುಗಿಯಿತು, ಪರದೆ ನಮ್ಮದು.’ ಅದೇ ಮಾತಿನ ಬಲದ ಮೇಲೆ ಅವರು, ಸಂದೇಶ ತಿದ್ದಿದಾಗ ಕೆಳಗೆ ಬರುವ ‘ತಿದ್ದಲಾಗಿದೆ’ ಎಂಬ ಗುರುತನ್ನೂ ತೆಗೆಯಬೇಕು, ಪರದೆ ಗಲೀಜಾಗಿ ಕಾಣುತ್ತದೆ ಎನ್ನುತ್ತಿದ್ದಾರೆ. ಇಬ್ಬರಲ್ಲಿ ಯಾರು ಸರಿ? ನಮ್ಮ ಪರದೆಯ ಮೇಲೆ ಮಾನದಂಡಕ್ಕೆ ನಿಜವಾಗಿ ಎಷ್ಟು ಹಕ್ಕಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಜಗಳಗಳಿವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಟಿಕ್ ವಿಷಯದಲ್ಲಿ ನಿಮ್ಮ ವಿನ್ಯಾಸಕರು ಸರಿ, ‘ತಿದ್ದಲಾಗಿದೆ’ ವಿಷಯದಲ್ಲಿ ಅವರು ತಪ್ಪು. ಸಲಹೆಗಾರರದು ಇದರ ತಲೆಕೆಳಗು. ಇಬ್ಬರೂ ಹಿಡಿದಿರುವುದು ಒಂದೊಂದು ಘೋಷಣೆಯನ್ನು, ಕಡತವನ್ನಲ್ಲ. ಮೇಲ್ ಸರ್ವರ್, ಚಾಟ್ ಸರ್ವರ್ ಎಂದು ಇಪ್ಪತ್ತೆರಡು ವರ್ಷ ಕಳೆದ ನನಗೆ ಈ ಎರಡು ಘೋಷಣೆಗಳೂ ಚೆನ್ನಾಗಿ ಪರಿಚಯ. ಒಂದು ಕಾಲದಲ್ಲಿ ಎರಡನ್ನೂ ನಾನೇ ಕೂಗಿದ್ದೇನೆ, ಯಾವ ಸಭೆಯಲ್ಲಿ ಯಾವುದು ಅನುಕೂಲವೋ ಅದನ್ನು.

ಮೊದಲು ಸಲಹೆಗಾರರ ಮಾತು. ಎಕ್ಸ್‌ಎಂಪಿಪಿಯ ತಿರುಳು ಆರ್‌ಎಫ್‌ಸಿ 6120 ಮತ್ತು 6121 ಎಂಬ ಎರಡು ಕಡತಗಳಲ್ಲಿದೆ, ಎರಡೂ 2011ರವು. ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ಮಾನದಂಡಗಳನ್ನು ಪ್ರಕಟಿಸುವ, ಸಂಖ್ಯೆ ಹೊತ್ತ ಕಡತ. ಟಿಕ್ ಎಂಬ ವಸ್ತುವಿಗೆ ಅಲ್ಲಿ ಜಾಗವಿಲ್ಲ. ನೀವು ಬಳಸುತ್ತಿರುವುದು ಅವುಗಳ ಮೇಲೆ ಕಟ್ಟಿದ, ಎಕ್ಸ್‌ಇಪಿ ಎಂಬ ಹೆಸರಿನ ವಿಸ್ತರಣೆಗಳನ್ನು. ಎಕ್ಸ್‌ಇಪಿ-0184 ಎಂಬುದು ‘ಸಂದೇಶ ತಲುಪಿತು’ ಎಂಬ ರಸೀದಿ, ಎಕ್ಸ್‌ಇಪಿ-0333 ಎಂಬುದು ‘ತೋರಿಸಲಾಯಿತು’ ಎಂಬ ಗುರುತು. ಇವೆರಡೂ ಐಚ್ಛಿಕ. ರಸೀದಿ ಕೇಳುವ ಹಕ್ಕು ಕಳುಹಿಸಿದವರದು, ಕೊಡದಿರುವ ಹಕ್ಕು ಪಡೆದವರದು. ರಸೀದಿ ಕೊಟ್ಟರೆ ನೀವು ಆ ಹೊತ್ತಿಗೆ ಆನ್‌ಲೈನ್‌ನಲ್ಲಿದ್ದೀರಿ ಎಂಬ ಗುಟ್ಟು ಹೊರಬೀಳುತ್ತದೆ ಎಂಬ ಎಚ್ಚರಿಕೆಯೂ 0184ರಲ್ಲೇ ಇದೆ. ಎರಡು ಟಿಕ್ ಹಾಕಿ, ಅದಕ್ಕೆ ನೀಲಿ ಬಣ್ಣ ಬಳಿಯಿರಿ, ಪಕ್ಕದಲ್ಲಿ ‘ಓದಲಾಗಿದೆ’ ಎಂದು ಬರೆಯಿರಿ ಎಂದು ಯಾವ ವಿಸ್ತರಣೆಯೂ ಹೇಳಿಲ್ಲ. ಆ ನೀಲಿ ಬಣ್ಣ 2014ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ತಂದದ್ದು. ಅದೊಂದು ಕಂಪನಿ ತನ್ನ ಉತ್ಪನ್ನಕ್ಕಾಗಿ ಮಾಡಿಕೊಂಡ ತೀರ್ಮಾನ. ನಮಗೆ ಅದೆಷ್ಟು ಒಗ್ಗಿಹೋಗಿದೆಯೆಂದರೆ, ಈಗ ಅದೇ ಶಾಸನದಂತೆ ಕಾಣುತ್ತದೆ.

ಎಕ್ಸ್‌ಎಂಪಿಪಿ ಬಳಗದವರು ಆಗಾಗ ಪ್ರಕಟಿಸುವ ಬದ್ಧತೆಯ ಪಟ್ಟಿಗಳಿವೆ. ನಿಮ್ಮ ಸಲಹೆಗಾರರ ಮನಸ್ಸಿನಲ್ಲಿ ಇರುವುದು ಬಹುಶಃ ಅವು. ಅವು ಕೇಳುವುದು, ನಿಮ್ಮ ಆ್ಯಪ್‌ಗೆ ಇಂತಿಂಥ ವಿಸ್ತರಣೆಗಳ ಭಾಷೆ ಗೊತ್ತಿದೆಯೇ ಎಂದು. ಭಾಷೆ ಗೊತ್ತಿರುವುದು ಒಂದು, ಎಲ್ಲ ಹೊತ್ತಿನಲ್ಲೂ ಮಾತನಾಡುತ್ತಲೇ ಇರಬೇಕೆನ್ನುವುದು ಇನ್ನೊಂದು.

ಈಗ ‘ಓದಲಾಗಿದೆ’ ಎಂಬ ಪದಕ್ಕೆ ಬರೋಣ. ನಿಜವಾದ ತಪ್ಪು ಅಲ್ಲಿದೆ ಎಂದು ನನಗನ್ನಿಸುತ್ತದೆ. ಎಕ್ಸ್‌ಇಪಿ-0333 ಮೊದಲು ಬಂದಾಗ ಅದರಲ್ಲಿ ಮೂರು ಗುರುತುಗಳಿದ್ದವು: ಸ್ವೀಕರಿಸಲಾಗಿದೆ, ತೋರಿಸಲಾಗಿದೆ, ಒಪ್ಪಿಕೊಳ್ಳಲಾಗಿದೆ. ಮುಂದೆ ಬರೆದವರೇ ಅದನ್ನು ಕತ್ತರಿಸಿ ‘ತೋರಿಸಲಾಗಿದೆ’ ಒಂದನ್ನೇ ಉಳಿಸಿಕೊಂಡರು. ಗಮನಿಸಿ, ಮೂರರಲ್ಲಿ ಯಾವುದೂ ‘ಓದಲಾಗಿದೆ’ ಅಲ್ಲ. ಇಮೇಲ್ ಜಗತ್ತಿನಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಇದೆ. ಮೇಲ್ ತೆರೆದಾಗ ಕಳುಹಿಸಿದವರಿಗೆ ಸೂಚನೆ ಹೋಗುವ ವ್ಯವಸ್ಥೆಯನ್ನು 1998ರಲ್ಲಿ ಆರ್‌ಎಫ್‌ಸಿ 2298 ವಿವರಿಸಿತು. 2004ರಲ್ಲಿ ಅದು 3798 ಆಯಿತು, 2017ರಲ್ಲಿ 8098 ಆಯಿತು. ಅಲ್ಲಿಯೂ ಪದ ‘ತೋರಿಸಲಾಯಿತು’ ಎಂದೇ. ಅದರ ಅರ್ಥವನ್ನೂ ಬಿಡಿಸಿ ಹೇಳಿದ್ದಾರೆ: ಆ ಅಂಚೆಪೆಟ್ಟಿಗೆಯನ್ನು ನೋಡುತ್ತಿದ್ದ ಯಾರಿಗೋ ಸಂದೇಶವನ್ನು ತೋರಿಸಲಾಗಿದೆ, ಅದನ್ನು ಓದಿದ್ದಾರೆ ಅಥವಾ ಅದು ಅರ್ಥವಾಗಿದೆ ಎಂಬುದಕ್ಕೆ ಖಾತರಿ ಇಲ್ಲ.

‘ಯಾರಿಗೋ’ ಎಂಬ ಆ ಒಂದು ಪದಕ್ಕೆ ಕೈಮುಗಿಯಬೇಕು ಎನಿಸುತ್ತದೆ ನನಗೆ. ಹಳ್ಳಿಯ ಮನೆಯಲ್ಲಿ ಫೋನ್ ಒಬ್ಬರ ಕೈಯಲ್ಲೇ ಇರುತ್ತದೆಯೇ? ಮಗಳು ಪಾಠದ ವಿಡಿಯೋ ನೋಡುತ್ತಿರುತ್ತಾಳೆ, ಸಂದೇಶ ಬರುತ್ತದೆ, ಬೆರಳು ತಾಗಿ ತೆರೆದುಕೊಳ್ಳುತ್ತದೆ, ಟಿಕ್ ನೀಲಿಯಾಗುತ್ತದೆ. ಅಮ್ಮ ಆಗ ಕೊಟ್ಟಿಗೆಯಲ್ಲಿರುತ್ತಾಳೆ. ರಿಜಿಸ್ಟರ್ ಅಂಚೆ ಇದ್ದ ಕಾಲದಲ್ಲಿ ಅದರ ಎ.ಡಿ. ಕಾರ್ಡಿನ, ಅಂದರೆ ಸ್ವೀಕೃತಿ ಚೀಟಿಯ, ಮೇಲೆ ಸಹಿ ಬಿದ್ದರೆ ಲಕೋಟೆ ಮನೆ ತಲುಪಿತು ಎಂದಷ್ಟೇ ಅರ್ಥವಿತ್ತು, ಒಳಗಿನ ನೋಟಿಸು ತಲೆಗೆ ಹೋಯಿತೆಂದು ಯಾವ ಅಂಚೆಯಣ್ಣನೂ ಪ್ರಮಾಣ ಮಾಡುತ್ತಿರಲಿಲ್ಲ. ನಮ್ಮ ಆ್ಯಪ್‌ಗಳು ದಿನವೂ ಅಂಥ ಪ್ರಮಾಣ ಮಾಡುತ್ತಿವೆ.

ಇದು ನನ್ನ ಕಣ್ಣೆದುರೇ ನಡೆದದ್ದೂ ಇದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಮೇಲ್ ತಂತ್ರಾಂಶವು ಕೇಳದೆಯೇ ಸ್ವೀಕೃತಿ ಕಳುಹಿಸುವಂತೆ ಹೊಂದಿಸಲಾಗಿತ್ತು. ಪರದೆಯ ಬಲಗಡೆ ಮುನ್ನೋಟದ ಕಿಟಕಿ. ಪಟ್ಟಿಯಲ್ಲಿ ಬಾಣದ ಗುಂಡಿ ಒತ್ತುತ್ತಾ ಇಳಿದರೆ ಸಾಕು, ಪ್ರತಿ ಮೇಲ್ ಕ್ಷಣಕಾಲ ಅಲ್ಲಿ ಮಿಂಚಿ ಹೋಗುತ್ತಿತ್ತು, ಸ್ವೀಕೃತಿಯೂ ಹೋಗುತ್ತಿತ್ತು. ಒಬ್ಬ ಸಹೋದ್ಯೋಗಿ ರಜೆಯಿಂದ ಬಂದ ಬೆಳಿಗ್ಗೆ ಹಾಗೆ ನಾಲ್ಕುನೂರು ಮೇಲ್‌ಗಳ ಮೇಲೆ ಇಳಿದಿದ್ದರು. ಮೂರು ವಾರದ ನಂತರ, ‘ಆ ದಿನ ಬೆಳಿಗ್ಗೆ 9.14ಕ್ಕೆ ನೀವು ಇದನ್ನು ಓದಿದ್ದೀರಿ’ ಎಂಬ ವಾಕ್ಯ ಅವರ ಮುಂದೆ ಮುದ್ರಿತವಾಗಿ ಬಂತು. ಸರ್ವರ್ ನೋಡಿಕೊಳ್ಳುತ್ತಿದ್ದವನು ನಾನು. ಲಾಗ್, ಅಂದರೆ ಸರ್ವರ್‌ನ ದಾಖಲೆ, ತೆಗೆದು ಕೊಟ್ಟವನೂ ನಾನೇ. ಆ ಲಾಗಿನಲ್ಲಿದ್ದ ‘ತೋರಿಸಲಾಯಿತು’ ಎಂಬುದು ನನ್ನ ಬೆರಳಿನಿಂದಲೇ ‘ಓದಿದರು’ ಎಂದು ಅನುವಾದವಾಗಿತ್ತು.

ಇನ್ನು ವಿನ್ಯಾಸಕರ ಮಾತು: ಮಾನದಂಡ ತಂತಿಗೆ, ಪರದೆ ನಮಗೆ. ಇದು ಪೂರ್ತಿ ಸುಳ್ಳಲ್ಲ. ಮಾನದಂಡ ಬರೆಯುವವರಿಗೆ ಪರದೆಯ ಬಗ್ಗೆ ಹಿಂದಿನಿಂದಲೂ ಒಂದು ಸಂಕೋಚವಿದೆ, ಅದಕ್ಕೆ ಒಳ್ಳೆಯ ಕಾರಣಗಳಿವೆ. ಎರಡು ಬೇರೆ ಬೇರೆ ತಂಡದ ತಂತ್ರಾಂಶಗಳನ್ನು ಎದುರುಬದುರು ಕೂರಿಸಿ ಪರೀಕ್ಷಿಸುವಾಗ ಬೈಟ್ ತಪ್ಪಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. ಗುಂಡಿ ಎಡಕ್ಕಿರಬೇಕೋ ಬಲಕ್ಕೋ ಎಂಬುದನ್ನು ಹಾಗೆ ಪರೀಕ್ಷಿಸಲು ಬರುವುದಿಲ್ಲ. 1998ರಲ್ಲಿ ಪರದೆ ಎಂದರೆ ಮೇಜಿನ ಮೇಲಿನ ಡಬ್ಬ. ಇಂದು ಕೈಗಡಿಯಾರ, ಕಾರಿನ ಮುಂಭಾಗ, ಕಣ್ಣು ಕಾಣದವರಿಗೆ ಓದಿ ಹೇಳುವ ದನಿ, ಎಲ್ಲವೂ ಪರದೆಯೇ. ಅಂದು ‘ಸಂವಾದ ಪೆಟ್ಟಿಗೆ ತೋರಿಸಿ’ ಎಂದು ಶಾಸನ ಮಾಡಿದ್ದರೆ ಇಂದು ಕೈಗಡಿಯಾರ ಅದನ್ನು ಎಲ್ಲಿ ತೋರಿಸಬೇಕು?

ಈ ಸಂಕೋಚಕ್ಕೊಂದು ಲಿಖಿತ ಆಧಾರವೂ ಇದೆ. 1997ರ ಆರ್‌ಎಫ್‌ಸಿ 2119, ಸ್ಕಾಟ್ ಬ್ರ್ಯಾಡ್ನರ್ ಬರೆದದ್ದು. ಎರಡು ಮೂರು ಪುಟದ ಪುಟ್ಟ ಕಡತ. ಮಾನದಂಡಗಳಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರುವ ‘ಮಾಡಲೇಬೇಕು’, ‘ಮಾಡುವುದು ಒಳಿತು’, ‘ಮಾಡಬಹುದು’ ಎಂಬ ಪದಗಳಿಗೆ ಅರ್ಥ ಕಟ್ಟಿಕೊಟ್ಟದ್ದು ಅದೇ. ಆ ಕಡತದ ಆರನೆಯ ವಿಭಾಗವನ್ನು ಬಹಳ ಜನ ಓದುವುದೇ ಇಲ್ಲ. ‘ಮಾಡಲೇಬೇಕು’ ಎಂಬ ಆಜ್ಞೆಯನ್ನು ಎರಡೇ ಕಾರಣಕ್ಕೆ ಬಳಸಬೇಕು ಎನ್ನುತ್ತದೆ ಅದು. ಒಂದು, ಬೇರೆ ಬೇರೆ ತಂತ್ರಾಂಶಗಳು ಕೂಡಿ ಕೆಲಸ ಮಾಡಲು ಅದು ನಿಜವಾಗಿಯೂ ಬೇಕಾದಾಗ. ಇನ್ನೊಂದು, ಹಾನಿ ಮಾಡಬಲ್ಲ ನಡವಳಿಕೆಗೆ ಲಗಾಮು ಹಾಕಬೇಕಾದಾಗ. ತನಗೆ ಇಷ್ಟವಾದ ಪದ್ಧತಿಯನ್ನು ಇತರರ ಮೇಲೆ ಹೇರಲು ಬಳಸಕೂಡದು.

ನಿಮ್ಮ ವಿನ್ಯಾಸಕರು ಮೊದಲ ಕಾರಣವನ್ನು ಮಾತ್ರ ಕೇಳಿಸಿಕೊಂಡಿದ್ದಾರೆ. ಎರಡನೆಯದು, ಅಂದರೆ ಹಾನಿ, ಮಾನದಂಡವನ್ನು ತಂತಿಯಿಂದ ಇಳಿಸಿ ಪರದೆಯವರೆಗೂ ಕರೆತರುತ್ತದೆ. ನಾನು ಮೇಲೆ ಹೇಳಿದ 8098ರಲ್ಲೇ ಒಂದು ವಾಕ್ಯವಿದೆ, ಅದರ ತಾತ್ಪರ್ಯ ಇಷ್ಟು: ಅಂತರ್ಜಾಲದ ಮಾನದಂಡಗಳು ಸಾಮಾನ್ಯವಾಗಿ ಬಳಕೆದಾರರ ಪರದೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವುದಿಲ್ಲ, ಆದರೂ ಸ್ವೀಕೃತಿ ಕಳುಹಿಸುವ ಮುಂಚೆ ಬಳಕೆದಾರರ ಒಪ್ಪಿಗೆ ಪಡೆಯಬೇಕೆಂದು ಬಲವಾಗಿ ಶಿಫಾರಸು ಮಾಡುತ್ತೇವೆ. ಹೇಗೆ ಪಡೆಯಬೇಕು? ಪ್ರತಿ ಸಲ ಕೇಳಬಹುದು, ಇಲ್ಲವೇ ಒಮ್ಮೆ ಆಯ್ಕೆ ಮಾಡಿಸಿಕೊಳ್ಳಬಹುದು, ಅದು ನಿಮಗೆ ಬಿಟ್ಟದ್ದು. ಹೊಸ್ತಿಲ ಬಳಿ ನಿಂತು ‘ಒಳಗೆ ಬರುವುದಿಲ್ಲ, ಒಂದು ಮಾತು ಹೇಳಿ ಹೋಗುತ್ತೇನೆ’ ಎನ್ನುವ ಹಿರಿಯರ ಹಾಗಿದೆ ಆ ವಾಕ್ಯ. ಆದರೆ ಹೇಳಿದ ಮಾತು ಮನೆಯೊಳಗಿನದೇ. ಎಕ್ಸ್‌ಎಂಪಿಪಿಯಲ್ಲೂ ಹೀಗೆಯೇ. ‘ಟೈಪ್ ಮಾಡುತ್ತಿದ್ದಾರೆ’ ಎಂಬ ಸೂಚನೆಯನ್ನು ವಿವರಿಸುವ ಎಕ್ಸ್‌ಇಪಿ-0085, ಅದನ್ನು ಕಳುಹಿಸಬೇಕೋ ಬೇಡವೋ ಎಂದು ನಿರ್ಧರಿಸುವ ಅವಕಾಶವನ್ನು ಬಳಕೆದಾರರಿಗೆ ಕೊಡಲೇಬೇಕು ಎನ್ನುತ್ತದೆ. ನಿಮ್ಮ ಆ್ಯಪ್‌ನಲ್ಲಿ ಆ ಸೂಚನೆ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದು, ಆರಿಸುವ ಗುಂಡಿ ಇಲ್ಲದಿದ್ದರೆ ಸಲಹೆಗಾರರು ಚಿಂತಿಸಬೇಕಾದ ಬದ್ಧತೆ ಅಲ್ಲಿದೆ.

ಮಾನದಂಡ ನೇರವಾಗಿ ಪರದೆಗೇ ಆಜ್ಞೆ ಕೊಟ್ಟ ಉದಾಹರಣೆಗಳೂ ಮೊಬೈಲ್ ಲೋಕದಲ್ಲಿವೆ. ಎಸ್‌ಎಂಎಸ್‌ನಲ್ಲಿ ‘ಶೂನ್ಯ ವರ್ಗ’ ಎಂಬ ಒಂದು ಬಗೆ ಇದೆ. ಬಂದ ಕೂಡಲೇ ತೋರಿಸಬೇಕು, ತಾನಾಗಿ ಉಳಿಸಿಕೊಳ್ಳಬಾರದು ಎಂದು ಮಾನದಂಡವೇ ಫೋನಿಗೆ ಹೇಳುತ್ತದೆ. ತುರ್ತು ಸುದ್ದಿಗೆ ಒದಗುವ ಸೌಲಭ್ಯ. ಆದರೆ ಇನ್ನೊಬ್ಬರ ಪರದೆಯನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಒಮ್ಮೆ ಬರೆದಿಟ್ಟರೆ, ಅದು ತುರ್ತು ಇರುವವರ ಕೈಯಲ್ಲೇ ಉಳಿಯುತ್ತದೆ ಎಂದು ಹೇಳುವವರು ಯಾರು? ನಂಬರ್ ಒತ್ತುತ್ತಿರುವಾಗ ನಡುವೆ ಧುತ್ತೆಂದು ಎದ್ದು ನಿಂತು, ಓದಿ ಮುಚ್ಚಿದ ಮೇಲೆ ಹುಡುಕಿದರೂ ಸಿಗದ ಸಂದೇಶವನ್ನು ನೀವು ಎಂದಾದರೂ ಕಂಡಿದ್ದರೆ ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ಇದಕ್ಕೆ ಎದುರಾಗಿ, ಒಂದು ಪ್ರದೇಶದ ಫೋನುಗಳಿಗೆಲ್ಲ ಒಮ್ಮೆಗೇ ಹೋಗುವ ವಿಪತ್ತಿನ ಮುನ್ನೆಚ್ಚರಿಕೆಯ ಸೆಲ್ ಬ್ರಾಡ್‌ಕಾಸ್ಟ್ ನೋಡಿ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಸರ್ಕಾರ ಪರೀಕ್ಷಾರ್ಥ ಸಂದೇಶ ಕಳುಹಿಸಿದಾಗ ಎಷ್ಟೋ ಫೋನುಗಳು ಒಟ್ಟಿಗೆ ಕಿರುಚಿಕೊಂಡವಲ್ಲ, ಅದು. ಎಚ್ಚರಿಕೆಯ ಸದ್ದು ಮತ್ತು ಕಂಪನ ಬೇರೆ ಯಾವುದಕ್ಕೂ ಬಳಕೆಯಾಗದಂತೆ ಪ್ರತ್ಯೇಕವಾಗಿರಬೇಕು ಎಂಬುದು ಅಂಥ ವ್ಯವಸ್ಥೆಯ ಮಾನದಂಡದ ಅಂಗ. ಇದನ್ನು ‘ವಿನ್ಯಾಸಕರ ಸ್ವಾತಂತ್ರ್ಯ’ಕ್ಕೆ ಬಿಟ್ಟಿದ್ದರೆ ಪ್ರತಿ ಕಂಪನಿ ತನ್ನದೊಂದು ಮಧುರ ಗಂಟೆ ಇಡುತ್ತಿತ್ತು, ಪ್ರವಾಹದ ಎಚ್ಚರಿಕೆ ಬಂದಾಗ ಜನ ಯಾವುದೋ ಆಫರ್ ಎಂದು ಮಗ್ಗುಲು ಬದಲಿಸುತ್ತಿದ್ದರು.

ಮಾನದಂಡ ಸುಮ್ಮನಿದ್ದಾಗಲೂ ಬೆಲೆ ತೆರಬೇಕಾಗುತ್ತದೆ. ಅಕ್ಷರಗಳಿಗೆ, ಇಮೋಜಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಮಾನದಂಡದಲ್ಲಿ ‘ಪಿಸ್ತೂಲು’ ಎಂಬ ಇಮೋಜಿಗೆ ಒಂದು ಸಂಖ್ಯೆ, ಒಂದು ಹೆಸರು ಇದೆ. ಅದರ ಚಿತ್ರ ಹೇಗಿರಬೇಕು ಎಂದು ಯೂನಿಕೋಡ್ ಕಟ್ಟಪ್ಪಣೆ ಮಾಡುವುದಿಲ್ಲ. 2016ರಲ್ಲಿ ಆ್ಯಪಲ್ ತನ್ನ ಫೋನುಗಳಲ್ಲಿ ನಿಜ ಪಿಸ್ತೂಲಿನ ಬದಲು ಹಸಿರು ನೀರಿನ ಪಿಸ್ತೂಲನ್ನು ಇಟ್ಟಿತು. ಗೂಗಲ್, ಸ್ಯಾಮ್‌ಸಂಗ್ ಮುಂತಾದವರು ಆ ದಾರಿ ಹಿಡಿದದ್ದು 2018ರ ಹೊತ್ತಿಗೆ. ನಡುವಿನ ಅವಧಿಯಲ್ಲಿ ಒಬ್ಬ ಹುಡುಗ ‘ಸಂಜೆ ಸಿಗು’ ಎಂದು ಬರೆದು ಹೋಳಿಯ ಆಟಿಕೆ ಕಳುಹಿಸಿದ್ದರೆ, ಪಡೆದವನ ಪರದೆಯಲ್ಲಿ ಅದು ಕೊಲೆಬೆದರಿಕೆ. ತಂತಿಯ ಮೇಲೆ ಹೋದ ಬೈಟ್‌ಗಳು ಎರಡು ಕಡೆಯೂ ಒಂದೇ, ಒಂದು ಬಿಟ್ ಕೂಡ ಆಚೀಚೆ ಇಲ್ಲ. ಮಾನದಂಡ ತಂತಿಯಲ್ಲೇ ಮುಗಿಯಿತು ಎನ್ನುವ ನಿಮ್ಮ ವಿನ್ಯಾಸಕರಿಗೆ ಇದನ್ನು ಕೇಳಿ ನೋಡಿ.

ಇನ್ನೊಂದು ತಮಾಷೆ ಇದೆ: ಪರದೆಯ ಬಗ್ಗೆ ಚಕಾರ ಎತ್ತದ ಮಾನದಂಡವೂ ಪರದೆಯನ್ನು ಆಳಬಲ್ಲದು. ಒಂದು ಎಸ್‌ಎಂಎಸ್‌ನ ಒಡಲು 140 ಬೈಟ್. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಏಳು ಬಿಟ್ ಹಿಡಿದರೆ 160 ಅಕ್ಷರ. ಕನ್ನಡ ಬಂದ ಕೂಡಲೇ ಒಂದು ಸಂಕೇತಕ್ಕೆ ಎರಡು ಬೈಟ್, ಹಾಗಾಗಿ 70ಕ್ಕೆ ಮುಗಿಯಿತು. ಅದನ್ನೂ ಮೀರಿ ಉದ್ದವಾದರೆ ಸಂದೇಶ ತುಂಡಾಗುತ್ತದೆ, ಜೋಡಿಸುವ ಗುರುತಿಗೆ ಜಾಗ ಬಿಟ್ಟು ತುಂಡಿಗೆ 67 ಉಳಿಯುತ್ತದೆ. ಆ 70 ನಮ್ಮ ಲೆಕ್ಕದ ಅಕ್ಷರಗಳೂ ಅಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ. ಯೂನಿಕೋಡ್‌ಗೆ ಸ, ವಿರಾಮ, ತ, ವಿರಾಮ, ರ, ಈತ್ವ ಎಂದು ಆರು. ಕನ್ನಡಕ್ಕೂ ಏಳು ಬಿಟ್‌ನ ಕೋಷ್ಟಕ ಮೊಬೈಲ್ ಮಾನದಂಡದಲ್ಲಿ ಇದೆ, ನನ್ನ ಕೈಗೆ ಬಂದ ಯಾವ ಫೋನೂ ಅದನ್ನು ಬಳಸಿದ್ದು ಕಾಣೆ. ಇಂಟರ್ನೆಟ್ ಸಿಗದ ಕಡೆ ನಿಮ್ಮ ಸಂದೇಶ ಎಸ್‌ಎಂಎಸ್ ಆಗುತ್ತದೆಯಲ್ಲ, ಅಲ್ಲಿ ಬರೆಯುವ ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಜಾಗ ತೋರಿಸುವುದಾದರೆ ಈ ಲೆಕ್ಕವನ್ನೇ ತೋರಿಸಬೇಕು. ನೋಡುವವರಿಗೆ ಅದು ಹುಚ್ಚು ಲೆಕ್ಕದಂತೆ ಕಂಡರೂ ಬೇರೆ ದಾರಿಯಿಲ್ಲ.

ಇಷ್ಟು ವರ್ಷಗಳಲ್ಲಿ ನಾನು ಬಂದು ನಿಂತಿರುವ ನಿಲುವು ಇದು. ಪರದೆಯ ಮೇಲೆ ನಡೆಯುವ ಒಂದು ಕ್ರಿಯೆ ಆ ಪರದೆಯ ಒಡೆಯರಿಗೆ ಮಾತ್ರ ಸಂಬಂಧಿಸಿದ್ದಾದರೆ ಮಾನದಂಡ ಬಾಯಿ ಮುಚ್ಚಿಕೊಂಡಿರಬೇಕು. ಬಣ್ಣ, ಅಕ್ಷರದ ಗಾತ್ರ, ಗುಂಡಿಯ ಜಾಗ, ಸಂದೇಶದ ಗುಳ್ಳೆಯ ಆಕಾರ ಇವೆಲ್ಲ ಅಂಥವು. 2024ರ ಸೆಪ್ಟೆಂಬರ್‌ನಲ್ಲಿ ಐಫೋನ್ ಎಸ್‌ಎಂಎಸ್‌ನ ಮುಂದಿನ ರೂಪವಾದ ಆರ್‌ಸಿಎಸ್ ಮಾನದಂಡಕ್ಕೆ ತೆರೆದುಕೊಂಡಿತು. ಆ್ಯಂಡ್ರಾಯ್ಡ್ ಫೋನಿನವರೊಡನೆ ಒಳ್ಳೆಯ ಗುಣಮಟ್ಟದ ಚಿತ್ರ, ಟೈಪ್ ಮಾಡುವ ಸೂಚನೆ ಎಲ್ಲ ಬಂತು, ಅವರೊಡನೆ ಮಾತನಾಡುವಾಗ ಐಫೋನ್ ಗುಳ್ಳೆಗೆ ಬಳಿಯುವ ಹಸಿರು ಮಾತ್ರ ಹೋಗಲಿಲ್ಲ. ಬಣ್ಣ ಮಾನದಂಡದ ಅಧಿಕಾರದಲ್ಲಿಲ್ಲ, ಇರಲೂಬಾರದು, ಅದರಿಂದ ಅಮೆರಿಕದ ಹೈಸ್ಕೂಲು ಹುಡುಗರಿಗೆ ಎಷ್ಟೇ ಅವಮಾನವಾಗಲಿ. ಆದರೆ ನನ್ನ ಪರದೆಯಲ್ಲಿ ನಡೆದದ್ದು ನನ್ನ ಹೆಸರಿನಲ್ಲಿ ಇನ್ನೊಬ್ಬರಿಗೆ ಹೇಳಿಕೆಯಾಗಿ ಹೋಗುತ್ತದೆ ಎಂದಾದರೆ, ಅಥವಾ ಇನ್ನೊಬ್ಬರು ನಿನ್ನೆ ಹೇಳಿದ್ದು ಇಂದು ನನ್ನ ಪರದೆಯಲ್ಲಿ ಸದ್ದಿಲ್ಲದೆ ಬದಲಾಗುತ್ತದೆ ಎಂದಾದರೆ, ಅಲ್ಲಿ ಮಾನದಂಡ ಮಾತನಾಡಬೇಕು. ಏನು ಅರ್ಥವಾಗಬೇಕು ಎಂಬಷ್ಟನ್ನು ಹೇಳಿ ನಿಲ್ಲಿಸಬೇಕು. ಹೇಗೆ ಕಾಣಬೇಕು ಎಂಬುದಕ್ಕೆ ಕೈ ಹಾಕಬಾರದು.

ಈಗ ನಿಮ್ಮ ಟಿಕ್. ನಿಮ್ಮ ಮುಂದೆ ಕೆಲವು ದಾರಿಗಳಿವೆ. ಯಾವುದೂ ಮುಳ್ಳಿಲ್ಲದ್ದಲ್ಲ.

ಅತ್ಯಂತ ಸುಲಭವಾದ ದಾರಿಯೇ ಅತ್ಯಂತ ಕೆಟ್ಟದ್ದು: ಟಿಕ್ ಅನ್ನು ಪರದೆಯಿಂದ ಅಡಗಿಸಿ, ತಂತಿಯ ಮೇಲೆ ಗುರುತು ಕಳುಹಿಸುತ್ತಲೇ ಇರುವುದು. ಒಂದು ಸಾಲು ಕೋಡು ಬದಲಿಸಿದರೆ ಆಯಿತು, ಗಡುವು ಹತ್ತಿರವಿದ್ದಾಗ ಎಲ್ಲ ತಂಡಗಳೂ ಮಾಡುವುದು ಇದನ್ನೇ. ಆದರೆ ನಿಮ್ಮದು ತೆರೆದ ಪ್ರೋಟೋಕಾಲ್. ಮೇಲ್ವಿಚಾರಕರು ನಾಳೆ ಬೇರೊಂದು ಎಕ್ಸ್‌ಎಂಪಿಪಿ ಆ್ಯಪ್‌ನಿಂದ ಅದೇ ಖಾತೆಗೆ ಹೋದರೆ ಟಿಕ್‌ಗಳು ಹಾಗೆಯೇ ಕಾಣುತ್ತವೆ, ಸರ್ವರ್‌ನ ದಾಖಲೆಯಲ್ಲೂ ಇರುತ್ತವೆ. ಕಾರ್ಯಕರ್ತೆಯರಿಗೆ ‘ತೆಗೆದಿದ್ದೇವೆ’ ಎಂದು ಹೇಳಿ ಕಳುಹಿಸುತ್ತಿದ್ದರೆ ಅದು ಮೋಸ. ತೆಗೆಯುವುದಾದರೆ ಕಳುಹಿಸುವುದನ್ನೇ ನಿಲ್ಲಿಸಿ.

ಹಾಗೆ ನಿಲ್ಲಿಸಿದಾಗ ಒಂದು ಅಡ್ಡಪರಿಣಾಮ ಕಾಣಿಸಿಕೊಳ್ಳಬಹುದು. ಒಬ್ಬರೇ ಎರಡು ಸಾಧನ ಬಳಸುತ್ತಿದ್ದರೆ, ಫೋನಿನಲ್ಲಿ ನೋಡಿದ್ದು ಟ್ಯಾಬ್‌ನಲ್ಲಿ ಹೊಸದಾಗಿಯೇ ಉಳಿಯುತ್ತದೆ, ಏಕೆಂದರೆ ಅನೇಕ ಆ್ಯಪ್‌ಗಳು ಆ ಲೆಕ್ಕವನ್ನೂ ಇದೇ ಗುರುತಿನಿಂದ ಹಿಡಿಯುತ್ತವೆ. ಅದಕ್ಕೆಂದೇ ಎಕ್ಸ್‌ಇಪಿ-0490 ಇದೆ. ‘ಇಲ್ಲಿಯವರೆಗೆ ನೋಡಿದ್ದೇನೆ’ ಎಂಬುದನ್ನು ನಿಮ್ಮದೇ ಖಾತೆಯಲ್ಲಿ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಅದು, ಎದುರಿನವರಿಗೆ ಏನೂ ಹೋಗುವುದಿಲ್ಲ.

ಎರಡನೆಯ ದಾರಿ, ಪ್ರತಿಯೊಬ್ಬರಿಗೂ ಆನ್-ಆಫ್ ಆಯ್ಕೆ ಕೊಡುವುದು. ಕೇಳಲು ನ್ಯಾಯವಾಗಿದೆ. ವಾಟ್ಸ್‌ಆ್ಯಪ್ ಕೂಡ ಇದನ್ನೇ ಮಾಡಿದೆ: ನೀವು ನಿಮ್ಮದನ್ನು ಮುಚ್ಚಿದರೆ ಇತರರದೂ ನಿಮಗೆ ಕಾಣುವುದಿಲ್ಲ, ಗುಂಪುಗಳಲ್ಲಿ ಮಾತ್ರ ಮುಚ್ಚಲು ಬರುವುದಿಲ್ಲ. ಸ್ನೇಹಿತರ ನಡುವೆ ಇದು ಸರಿ. ಮೇಲ್ವಿಚಾರಕರು ಮತ್ತು ಕಾರ್ಯಕರ್ತೆಯ ನಡುವೆ ಇದು ಆಯ್ಕೆಯೇ ಅಲ್ಲ. ‘ನೀವೊಬ್ಬರೇ ಯಾಕೆ ಆಫ್ ಮಾಡಿದ್ದೀರಿ?’ ಎಂಬ ಪ್ರಶ್ನೆಗೆ ಆಕೆ ಏನು ಹೇಳಬೇಕು? 8098 ಒಪ್ಪಿಗೆ ಪಡೆಯಿರಿ ಎನ್ನುತ್ತದೆ ನಿಜ. ಕೆಲಸದ ಜಾಗದಲ್ಲಿ ಒಪ್ಪಿಗೆ ಎಂಬುದು ಎಷ್ಟು ಸ್ವತಂತ್ರ ಎಂದು ಯಾವ ಕಡತವೂ ಬರೆಯಲಾರದು, ಅದನ್ನು ನೀವೇ ಯೋಚಿಸಬೇಕು. ಈ ದಾರಿ ಹಿಡಿದರೂ ಆರಂಭದ ಸ್ಥಿತಿ ಆಫ್ ಇರಲಿ, ಯಾರು ಆಫ್ ಇಟ್ಟಿದ್ದಾರೆ ಎಂಬುದು ಇನ್ನೊಬ್ಬರಿಗೆ ತಿಳಿಯದಿರಲಿ. ಇಡೀ ಸಂಸ್ಥೆಗೆ ಒಂದೇ ಗುಂಡಿ ಇಟ್ಟು ನಿರ್ವಾಹಕರ ಕೈಗೆ ಕೊಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಮೊದಲ ದೊಡ್ಡ ಎಡವಟ್ಟಾದ ದಿನ ಆ ಗುಂಡಿ ಆನ್ ಆಗುತ್ತದೆ, ಮತ್ತೆ ಆಫ್ ಆಗುವುದಿಲ್ಲ.

ನಾನಾದರೆ ಹಿಡಿಯುವ ದಾರಿ ಬೇರೆ. ಮೇಲ್ವಿಚಾರಕರ ಕಡೆಯಿಂದಲೂ ಒಮ್ಮೆ ನೋಡಿ, ಅವರದೂ ಸುಮ್ಮನೆ ಕಾಟವಲ್ಲ. ನಾಳೆ ಲಸಿಕೆ ಶಿಬಿರ, ಸುದ್ದಿ ಮುಟ್ಟಿತೋ ಇಲ್ಲವೋ ಗೊತ್ತಾಗಬೇಕು. ಟಿಕ್ ಕೊಡುವ ಮಾಹಿತಿ ಆ ಕೆಲಸಕ್ಕೆ ಸಾಲದು, ಬೇಡದ ಕೆಲಸಕ್ಕೆ ಹೆಚ್ಚು. ಆದ್ದರಿಂದ ‘ಫೋನಿಗೆ ತಲುಪಿದೆ’ ಎಂಬ 0184ರ ರಸೀದಿಯನ್ನು ಉಳಿಸಿಕೊಳ್ಳಿ, ‘ತೋರಿಸಲಾಗಿದೆ’ ಗುರುತನ್ನು ಬಿಟ್ಟುಬಿಡಿ. ಉತ್ತರ ಬೇಕೇ ಬೇಕಾದ ಸಂದೇಶಕ್ಕೆ ಮಾತ್ರ ಕಳುಹಿಸುವವರು ‘ಉತ್ತರ ಬೇಕು’ ಎಂದು ಗುರುತು ಹಾಕಲಿ. ಪಡೆದವರ ಪರದೆಯಲ್ಲಿ ಆ ಸಂದೇಶದ ಕೆಳಗೆ ಮೂರು ಗುಂಡಿ: ‘ತಿಳಿಯಿತು’, ‘ಬರಲು ಆಗುವುದಿಲ್ಲ’, ‘ಫೋನ್ ಮಾಡಿ’. ಒತ್ತಿದರೆ ಅದೇ ಪದ ಸಾಮಾನ್ಯ ಸಂದೇಶವಾಗಿ ಹೋಗಲಿ. ಹೊಸ ಗುರುತು, ಹೊಸ ವಿಸ್ತರಣೆ ಏನೂ ಬೇಡ. ಎದುರಿನವರು ಯಾವ ಆ್ಯಪ್ ಬಳಸಿದರೂ ಓದಬಹುದು, ಎಸ್‌ಎಂಎಸ್‌ನಲ್ಲೂ 70ರೊಳಗೆ ಹಿಡಿಸುತ್ತದೆ. ಬೆರಳು ತಾಗಿ ತೆರೆದುಕೊಂಡದ್ದು ಉತ್ತರವಾಗುವುದಿಲ್ಲ, ಒತ್ತಿದ್ದು ಮಾತ್ರ ಆಗುತ್ತದೆ. ಇದರ ಅಪಾಯ ಏನೆಂದರೆ, ಸ್ವಲ್ಪ ದಿನಕ್ಕೆ ಮೇಲ್ವಿಚಾರಕರು ‘ಶುಭೋದಯ’ಕ್ಕೂ ‘ಉತ್ತರ ಬೇಕು’ ಹಾಕತೊಡಗುತ್ತಾರೆ. ದಿನಕ್ಕೆ ಇಷ್ಟೇ ಎಂದು ಮಿತಿ ಇಡಿ. ಗೊಣಗುತ್ತಾರೆ, ಒಂದು ತಿಂಗಳಲ್ಲಿ ರೂಢಿಯಾಗುತ್ತದೆ.

‘ತಿದ್ದಲಾಗಿದೆ’ ಬಗ್ಗೆ ನಾನು ಇಷ್ಟು ಮೃದುವಾಗಿಲ್ಲ. ತಿದ್ದುವ ಸೌಲಭ್ಯ ಬರುವುದು ಎಕ್ಸ್‌ಇಪಿ-0308ರಿಂದ. ಅದರ ಭದ್ರತಾ ಭಾಗದಲ್ಲೇ ಹೇಳಿದ್ದಾರೆ: ತಿದ್ದಿದ ಸಂದೇಶದ ಅರ್ಥ ಮೂಲಕ್ಕಿಂತ ಪೂರ್ತಿ ಬೇರೆಯಾಗಿರಬಹುದು, ಹಾಗಾಗಿ ತಿದ್ದಲಾಗಿದೆ ಎಂಬುದು ಬಳಕೆದಾರರಿಗೆ ತಿಳಿಯುವಂತಿರಬೇಕು. ನಿಮ್ಮ ಕ್ಷೇತ್ರದಲ್ಲಿ ಇದು ಕಾಗುಣಿತದ ಮಾತಲ್ಲ. ‘ಶಿಬಿರ ಮಂಗಳವಾರ’ ಎಂಬುದು ‘ಶಿಬಿರ ಗುರುವಾರ’ ಆಗುತ್ತದೆ. ಮಂಗಳವಾರ ಹದಿನಾಲ್ಕು ತಾಯಂದಿರನ್ನು ಕೂಸುಗಳ ಸಮೇತ ಕರೆದುಕೊಂಡು ಬಂದ ಕಾರ್ಯಕರ್ತೆ ಫೋನ್ ತೆರೆದು ತೋರಿಸಿದರೆ ಅಲ್ಲಿ ಗುರುವಾರ ಎಂದಿರುತ್ತದೆ. ತಪ್ಪು ಯಾರದು ಎಂಬುದಕ್ಕೆ ಆಕೆಯ ಬಳಿ ಇದ್ದ ಒಂದೇ ಸಾಕ್ಷಿಯನ್ನು ಪರದೆ ಚೆಂದಗಾಣಲಿ ಎಂದು ಅಳಿಸಿದಂತಾಗುತ್ತದೆ. ಗುರುತು ಇರಲಿ, ಅದನ್ನು ಒತ್ತಿದರೆ ಹಳೆಯ ಒಕ್ಕಣೆಯೂ ಕಾಣಲಿ. ಗುರುತು ಗಲೀಜಾಗಿ ಕಾಣದಂತೆ ಮಾಡುವುದು ವಿನ್ಯಾಸಕರ ಕಸುಬು. ಅದರ ಗಾತ್ರ, ಬಣ್ಣ, ಜಾಗ ಅವರದು. ಅದು ಇರಬೇಕೋ ಬೇಡವೋ ಎಂಬುದು ಮಾತ್ರ ಅವರದಲ್ಲ.

ಇಲ್ಲಿ ಇನ್ನೊಂದು ಮುಳ್ಳಿದೆ. ಸಂದೇಶ ತಿದ್ದಿದಾಗ ಅನೇಕ ಆ್ಯಪ್‌ಗಳು ಮತ್ತೆ ಸದ್ದು ಮಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಓದಿಕೊಂಡು ನೆಟ್‌ವರ್ಕ್ ಇಲ್ಲದ ಕಡೆ ಹೋದವರಿಗೆ ತಿದ್ದುಪಡಿ ಬಂದದ್ದೇ ಗೊತ್ತಾಗುವುದಿಲ್ಲ. ಎಸ್‌ಎಂಎಸ್ ಆಗಿ ಹೋದದ್ದನ್ನಂತೂ ತಿದ್ದಲು ಬರುವುದೇ ಇಲ್ಲ, ಅಲ್ಲಿಗೆ ಎರಡನೆಯ ಸಂದೇಶವಾಗಿ ಹೋಗುತ್ತದೆ, ಪಡೆದವರ ಬಳಿ ಎರಡು ದಿನಾಂಕ ಒಟ್ಟಿಗೆ ಕೂತಿರುತ್ತವೆ. ಹಾಗಾಗಿ ಕಳುಹಿಸಿ ಕೆಲವು ನಿಮಿಷ ಕಳೆದ ಮೇಲೆ ತಿದ್ದುವ ಅವಕಾಶ ಮುಚ್ಚಿ. ದಿನಾಂಕ, ಪ್ರಮಾಣ, ಸ್ಥಳ ಬದಲಾದರೆ ‘ಬದಲಾವಣೆ’ ಎಂಬ ತಲೆಬರಹದ ಹೊಸ ಸಂದೇಶವನ್ನೇ ಕಳುಹಿಸುವ ಪದ್ಧತಿ ಮಾಡಿ.

ಸಲಹೆಗಾರರೊಡನೆ ಜಗಳ ಬೇಡ. ಮುಂದಿನ ಸಭೆಯಲ್ಲಿ ‘ಮಾನದಂಡದಲ್ಲಿದೆ’ ಎಂದಾಗ, ಯಾವ ಕಡತ, ಎಷ್ಟನೆಯ ವಿಭಾಗ, ಯಾವ ವಾಕ್ಯ ಎಂದು ಕೇಳಿ. ವಾಕ್ಯ ಸಿಕ್ಕಿದರೆ ಅದರಲ್ಲಿ ‘ಮಾಡಲೇಬೇಕು’ ಇದೆಯೋ ‘ಮಾಡಬಹುದು’ ಇದೆಯೋ ನೋಡಿ. ಹತ್ತರಲ್ಲಿ ಏಳು ಸಲ ವಾಕ್ಯವೇ ಸಿಗುವುದಿಲ್ಲ, ಇದು ನನ್ನ ಅನುಭವದ ಲೆಕ್ಕ, ಸಮೀಕ್ಷೆಯಲ್ಲ.

ಈ ಎಲ್ಲ ಬದಲಾವಣೆಗೆ ನಿಮ್ಮ ತಂಡಕ್ಕೆ ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಪ್ರಯೋಗ ನಡೆಯುತ್ತಲೇ ಇರುತ್ತದೆ, ಫೋನುಗಳು ಬರುತ್ತಲೇ ಇರುತ್ತವೆ. ಆದ್ದರಿಂದ ಇವತ್ತೇ ಆಗುವ ಒಂದು ಕೆಲಸ ಮಾಡಿ. ಆ್ಯಪ್‌ನ ಕನ್ನಡ ಪದಗಳಿರುವ ಅನುವಾದದ ಕಡತ ತೆರೆದು, ‘ಓದಲಾಗಿದೆ’ ಎಂಬುದನ್ನು ಅಳಿಸಿ, ‘ಪರದೆಯಲ್ಲಿ ತೆರೆದಿದೆ’ ಎಂದು ಬರೆಯಿರಿ.